ಎಡಗಡೆಯ ಗುಂಡಿ

ನನ್ನ ರಿಪೇರಿ ಅಂಗಡಿಯಲ್ಲಿ ಮೇಜಿನ ಎದುರಿಗೆ ಒಂದು ಬೆಂಚಿತ್ತು. ಹುಣಸೂರಿನಲ್ಲಿ ರಿಪೇರಿ ಅಂಗಡಿ ಇಟ್ಟವರು ಬೇರೆ ಏನಿಲ್ಲದಿದ್ದರೂ ಆ ಬೆಂಚನ್ನು ಇಡಲೇಬೇಕಿತ್ತು. ರೇಡಿಯೋ ತರಲಿ, ಟೇಪ್ ರೆಕಾರ್ಡರ್ ತರಲಿ, ತಂದವರು ಬಿಟ್ಟು ಹೋಗುತ್ತಿರಲಿಲ್ಲ. ಮೊದಲ ಸ್ಕ್ರೂ ಬಿಚ್ಚುವುದರಿಂದ ಹಿಡಿದು ಕೊನೆಯ ಸ್ಕ್ರೂ ಬಿಗಿಯುವ ತನಕ ಬೆಂಚಿನ ಮೇಲೆ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಬಿಟ್ಟು ಹೋದರೆ ಒಳಗಿನ ಒರಿಜಿನಲ್ ಸಾಮಾನು ತೆಗೆದು ಡೂಪ್ಲಿಕೇಟ್ ತುರುಕುತ್ತಾರೆ ಎಂಬುದು ಸುತ್ತಮುತ್ತ ಎಲ್ಲರಿಗೂ ಗೊತ್ತಿದ್ದ ಸತ್ಯ. ಕಂಪಲಾಪುರದ ರೈತರೊಬ್ಬರು ಬುತ್ತಿ ಕಟ್ಟಿಸಿಕೊಂಡು ಬಂದು ಬೆಂಚಿನ ಮೇಲೇ ಬಿಚ್ಚಿ ಉಂಡಿದ್ದರು. ಉಣ್ಣುವಾಗಲೂ ಕಣ್ಣು ಬುತ್ತಿಯ ಮೇಲಿರಲಿಲ್ಲ. ಅದರಲ್ಲೂ ರಿಪೇರಿ ಮಾಡುವವಳು ಹೆಂಗಸು ಎಂದರೆ ಅನುಮಾನ ಇಮ್ಮಡಿ.

ನಾನೇನು ಕಡಿಮೆಯವಳಲ್ಲ. ಅವರಿಗೆ ನನ್ನ ಮೇಲೆ ಅನುಮಾನ, ನನಗೆ ಅವರ ಮೇಲೆ. ಕೆಲಸ ಮುಗಿದ ಮೇಲೆ ಪ್ರತಿ ಸ್ಕ್ರೂವಿನ ತಲೆಯ ಮೇಲೂ ಒಂದೊಂದು ತೊಟ್ಟು ಉಗುರುಬಣ್ಣ ಇಡುತ್ತಿದ್ದೆ, ಅರ್ಧ ಸ್ಕ್ರೂವಿನ ಮೇಲೆ, ಅರ್ಧ ಪೆಟ್ಟಿಗೆಯ ಮೇಲೆ. ಬೇರೆ ಯಾರಾದರೂ ತಿರುಗಿಸಿದರೆ ಬಣ್ಣ ಬಿರುಕು ಬಿಡುತ್ತಿತ್ತು. "ಯಾರೂ ಮುಟ್ಟಿಲ್ಲ ಕಣಕ್ಕಾ, ಮಕ್ಳಾಣೆಗೂ" ಎಂದು ವಾಪಸ್ಸು ತಂದವರ ಮಾತು ಕೇಳುವ ಮೊದಲು ನಾನು ಆ ಬಣ್ಣ ನೋಡುತ್ತಿದ್ದೆ. ಮಕ್ಕಳ ಮೇಲಿನ ಆಣೆಗಿಂತ ನನಗೆ ಆ ಬಣ್ಣದ ಮೇಲೆ ಹೆಚ್ಚು ನಂಬಿಕೆಯಿತ್ತು.

ಅಂಗೈಯಲ್ಲಿ ಹಿಡಿದು ಆಡುವ ಗೇಮುಗಳು ನಮ್ಮ ಕಡೆ ಕಾಲಿಟ್ಟ ವರ್ಷಗಳವು, ತೊಂಬತ್ತರ ದಶಕದ ಕೊನೆ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ಎಡಗೈ ಹೆಬ್ಬೆರಳಿನಿಂದ ಅವನ್ನು ಎಡಕ್ಕೋ ಬಲಕ್ಕೋ ಸರಿಸಬೇಕು, ಬಲಗೈ ಹೆಬ್ಬೆರಳಿನಿಂದ ತಿರುಗಿಸಬೇಕು, ಸಾಲು ತುಂಬಿದರೆ ಮಾಯ. ಅಂಥದೊಂದು ಗೇಮನ್ನು ಹಿಡಿದು ಒಂದು ಬೆಳಿಗ್ಗೆ ಎದುರು ಹೋಟೆಲಿನ ದೋಸೆ ಭಟ್ಟ ಬಂದ. ಭಟ್ಟ ಎನ್ನುವುದು ಹೋಟೆಲಿನವರು ಇಟ್ಟ ಹೆಸರು. ಅವನು ಹೆಗ್ಗಡದೇವನಕೋಟೆ ಕಡೆಯ ರೈತರ ಮನೆಯವನು, ಮೂವತ್ತರ ಆಸುಪಾಸು, ದೋಸೆ ಕಲ್ಲಿನ ಮುಂದೆ ನಿಂತು ಬೆವರುವುದೇ ಅವನ ಬದುಕು. ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ಕೂತು ಇಟ್ಟಿಗೆ ಜೋಡಿಸುವುದು ಅವನಿಗಿದ್ದ ಒಂದೇ ಚಟ. ಬೀಡಿಯಿಲ್ಲ, ಕುಡಿತವಿಲ್ಲ, ಇದೊಂದು.

"ಎಡಕ್ಕೆ ಓಗಲ್ಲ ಕಣಕ್ಕಾ. ಬಲಕ್ಕೆ ಓಯ್ತದೆ, ಕೆಳಕ್ಕೆ ಬೀಳ್ತದೆ. ಎಡಕ್ಕೆ ಜಪ್ಪಯ್ಯ ಅಂದ್ರೂ ಓಗಲ್ಲ. ಎಲ್ಲಾ ಇಟ್ಟಿಗೆನೂ ಬಲಗಡೆನೇ ಗುಡ್ಡೆ ಬಿದ್ದು ಔಟಾಯ್ತೀನಿ."

"ಬೀಳಿಸಿದ್ಯಾ?"

"ಇಲ್ಲ ಕಣಕ್ಕಾ. ಮದ್ಲು ಚೆನ್ನಾಗೇ ಓಗ್ತಿತ್ತು. ಬತ್ತಾ ಬತ್ತಾ ಇಂಗಾಯ್ತು."

ಬೀಳಿಸಿದವರೆಲ್ಲ ಹಾಗೇ ಹೇಳುವುದು ಎಂದುಕೊಂಡು ಬಿಚ್ಚಿದೆ. ಇಂಥ ಗೇಮಿನ ಗುಂಡಿಯ ಕೆಳಗೆ ಮೆತ್ತನೆಯ ರಬ್ಬರ್ ಹಾಳೆ ಇರುತ್ತದೆ. ಪ್ರತಿ ಗುಂಡಿಗೂ ರಬ್ಬರಿನಲ್ಲೊಂದು ಉಬ್ಬು, ಉಬ್ಬಿನ ಅಡಿಗೆ ಕಪ್ಪು ಇಂಗಾಲದ ಬಿಲ್ಲೆ. ಅದರ ಕೆಳಗೆ ಬೋರ್ಡಿನ ಮೇಲೆ ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದ ಹಾಗೆ ಎರಡು ಗೆರೆ. ಗುಂಡಿ ಒತ್ತಿದಾಗ ಬಿಲ್ಲೆ ಎರಡೂ ಗೆರೆಗಳನ್ನು ಮುಟ್ಟಿ ಕರೆಂಟು ದಾಟಿಸುತ್ತದೆ. ಅಷ್ಟೇ ಅದರ ಗುಟ್ಟು. ಅವನದರಲ್ಲಿ ಬಿಲ್ಲೆಗಳ ಮೇಲೆಲ್ಲ ಎಣ್ಣೆಯ ಪೊರೆ ಕೂತಿತ್ತು, ಮೂಲೆಯಲ್ಲಿ ಒಣಗಿದ ಹಿಟ್ಟು. ಸ್ಪಿರಿಟಿನಿಂದ ಒರೆಸಿದೆ, ಗೆರೆಗಳನ್ನು ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ, ಸವೆದ ಬಿಲ್ಲೆಗೆ ಪೆನ್ಸಿಲ್ ತಿಕ್ಕಿ ಕಪ್ಪು ಏರಿಸಿದೆ.

ಅವನು ಬೆಂಚಿನಿಂದ ಮುಂದಕ್ಕೆ ಬಗ್ಗಿ ಎಡಗೈಯನ್ನು ಮೇಜಿನ ಮೇಲೆ ಊರಿದ್ದ. ಬ್ಯಾಟರಿಯ ವೈರಿಗೆ ಬೆಸುಗೆ ಹಾಕಲೆಂದು ಕಾಯಲು ಇಟ್ಟಿದ್ದ ಕಡ್ಡಿ ಅವನ ಹೆಬ್ಬೆರಳಿಗೆ ತಾಗಿಕೊಂಡೇ ಇತ್ತು. ಚರ್ಮ ಸುಟ್ಟ ವಾಸನೆ ಬಂದಾಗ ಕಿರುಚಿ ಅವನ ಕೈಯನ್ನು ನಾನೇ ಸರಿಸಿದೆ.

"ದೋಸೆ ಕಲ್ಲು ಕಂಡ ಕೈ ಕಣಕ್ಕಾ, ಇದೆಲ್ಲಾ ಯಾವ ಲೆಕ್ಕ ಬುಡು" ಎಂದು ನಕ್ಕ. ಹೆಂಗಸಿನ ಮುಂದೆ ಶೂರತನ ತೋರಿಸುತ್ತಿದ್ದಾನೆ ಎಂದು ನನಗೆ ಸಿಟ್ಟೇ ಬಂತು.

ಮುಚ್ಚಿ, ನಾನೇ ಒತ್ತಿ ತೋರಿಸಿದೆ. ಇಟ್ಟಿಗೆ ಹೇಳಿದ ಹಾಗೆ ಕೇಳಿತು. ಸ್ಕ್ರೂಗಳಿಗೆ ಬಣ್ಣ ಇಟ್ಟೆ. ಅಷ್ಟರಲ್ಲಿ ಹೋಟೆಲಿನಿಂದ ಯಜಮಾನರು ಕೂಗಿದರು, ಅವನು ಆಡಿ ನೋಡದೆ ಓಡಿದ.

ಆ ವಾರವೇ ಮತ್ತೆ ಬಂದ. ಮುಖ ದಪ್ಪಗೆ ಮಾಡಿಕೊಂಡಿದ್ದ. "ಏನ್ ಮಾಡ್ದೆ ಅಕ್ಕಾ? ಎಡಕ್ಕೆ ಒಂದೇ ಒಂದ್ಸಲ ಓಗ್ಲಿಲ್ಲ."

ಮೊದಲು ಬಣ್ಣ ನೋಡಿದೆ. ಒಂದು ಬಿರುಕೂ ಇರಲಿಲ್ಲ. ಬಿರುಕಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ತಪ್ಪು ಅವನ ತಲೆಗೆ ಹೋಗುತ್ತಿತ್ತು. ಒತ್ತಿದೆ, ಇಟ್ಟಿಗೆ ಎಡಕ್ಕೆ ಹೋಯಿತು. ಅವನ ಕೈಗೆ ಕೊಟ್ಟೆ, ಹೋಗಲಿಲ್ಲ. ಮತ್ತೆ ನಾನು ಒತ್ತಿದೆ, ಹೋಯಿತು.

"ನಿನ್ ಕೈಲಿ ಓಯ್ತದೆ, ನನ್ ಕೈಲಿ ಓಗಲ್ಲ. ಇದ್ಯಾವ ಕೈಚಳಕ ಅಕ್ಕಾ?"

ಬಂದು ಹೋಗುವ ದೋಷ ಎಂದರೆ ನಮ್ಮ ಕಸುಬಿನಲ್ಲಿ ಶನಿ. ಬೋರ್ಡಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೀಗಾಗಬಹುದು. ಒಬ್ಬರು ಹಿಡಿದಾಗ ಬಾಗಿ ಕೂಡುತ್ತದೆ, ಇನ್ನೊಬ್ಬರು ಹಿಡಿದಾಗ ಬಿಡುತ್ತದೆ. ಎಡದ ಗುಂಡಿಯ ಗೆರೆಯನ್ನು ಬೋರ್ಡಿನ ಚಿಪ್‌ನ ತನಕ ಮೀಟರ್ ಹಿಡಿದು ನೋಡಿದೆ, ಸರಿಯಿತ್ತು. ಆದರೂ ಗೆರೆಯ ಪಕ್ಕದಲ್ಲಿ ತೆಳ್ಳನೆ ತಂತಿಯೊಂದನ್ನು ಬೆಸೆದೆ. ಹಳೆಯ ಟಿ.ವಿ. ರಿಮೋಟಿನಿಂದ ಒಂದು ಒಳ್ಳೆಯ ಬಿಲ್ಲೆ ಕತ್ತರಿಸಿ ಎಡದ ಉಬ್ಬಿಗೆ ಅಂಟಿಸಿದೆ. ಅವನು ಹಳೆಯ ಬಿಲ್ಲೆಯನ್ನು ಕೇಳಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ನಾನು ಅದನ್ನು ಬೇರೆಯವರಿಗೆ ಮಾರಿಕೊಳ್ಳುತ್ತೇನೆ ಎಂದು ಅವನ ಗುಮಾನಿ. ಹುರಳಿಕಾಳಿನಷ್ಟು ರಬ್ಬರು!

ಮಾರನೆಯ ದಿನ ಹೋಟೆಲಿನ ಕಡೆಯಿಂದ ಮಾತು ಬರತೊಡಗಿತು. ದೋಸೆ ಮಗುಚುತ್ತ ಮಗುಚುತ್ತ ಅವನು ತಿಂಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ: ಎದುರಿಗೇ ಕೂತಿದ್ದರೂ ಕಣ್ಣು ತಪ್ಪಿಸಿ ಒರಿಜಿನಲ್ ಎತ್ತಿಬಿಟ್ಟಳು, ರಿಮೋಟಿನ ಚೂರು ಅಂಟಿಸಿದ್ದಾಳೆ, ಈಗಲೂ ಎಡಕ್ಕೆ ಹೋಗುವುದಿಲ್ಲ. ಹಳೆಯ ಬಿಲ್ಲೆಯನ್ನು ಸಾಕ್ಷಿಗೆ ತೋರಿಸಿ, ಒರಿಜಿನಲ್ ಇಟ್ಟುಕೊಂಡು ಇದನ್ನು ಕೈಗಿತ್ತಳು ಎನ್ನುತ್ತಿದ್ದನಂತೆ. ಬಸ್ ನಿಲ್ದಾಣದ ಎದುರಿನ ಹೋಟೆಲು. ಪಿರಿಯಾಪಟ್ಟಣದ ಬಸ್ಸು, ಕೆ.ಆರ್. ನಗರದ ಬಸ್ಸು ಎಲ್ಲದರ ಜನವೂ ಅಲ್ಲೇ ತಿಂಡಿಗೆ ಇಳಿಯುವುದು. ಗಾವಡಗೆರೆಯಿಂದ ಟೇಪ್ ರೆಕಾರ್ಡರ್ ತಂದವನೊಬ್ಬ ಮೊದಲು ಹೋಟೆಲಿಗೆ ಹೋಗಿ, ಆಮೇಲೆ ನನ್ನ ಬಾಗಿಲಿಗೆ ಬಂದು, ಪೆಟ್ಟಿಗೆಯನ್ನು ಕಂಕುಳಲ್ಲಿ ಇನ್ನಷ್ಟು ಭದ್ರವಾಗಿ ಒತ್ತಿಕೊಂಡು ಹಾಗೇ ಹಿಂತಿರುಗಿದ.

ನನ್ನ ಅನುಮಾನ ಬೇರೆ ಕಡೆಗೆ ಹರಿಯಿತು. ಸಂತೆಯ ಹತ್ತಿರ ಹೊಸ ಮೆಕ್ಯಾನಿಕ್ ಒಬ್ಬ ಅಂಗಡಿ ತೆರೆದಿದ್ದ, ದಿನಾ ಬೆಳಿಗ್ಗೆ ಇದೇ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದ. ನನ್ನನ್ನು ಇಲ್ಲಿಂದ ಎಬ್ಬಿಸಲು ಭಟ್ಟನ ಕೈಯಲ್ಲಿ ನಾಟಕ ಆಡಿಸುತ್ತಿದ್ದಾನೆ. ಗೇಮು ಸರಿಯಾಗೇ ಇದೆ, ಇವನು ಬೇಕೆಂದೇ ಒತ್ತುತ್ತಿಲ್ಲ. ಹೀಗೆ ತೀರ್ಮಾನಿಸಿದ ಮೇಲೆ ನನಗೆ ಎಲ್ಲವೂ ಸಾಕ್ಷಿಯಾಗಿ ಕಾಣತೊಡಗಿತು. ಆ ಮೆಕ್ಯಾನಿಕ್ ಒಂದು ಚಟ್ನಿ ಹೆಚ್ಚಿಗೆ ಹಾಕಿಸಿಕೊಂಡರೂ ನನಗೆ ಅದು ಸಂಚು.

ಕೊನೆಗೆ ಹೋಟೆಲಿನ ಯಜಮಾನರೇ ಬಂದರು. ನಾನಿದ್ದ ಮಳಿಗೆಯೂ ಅವರದೇ. ಕೆಟ್ಟವರಲ್ಲ, ಆದರೆ ಊರ ಬಾಯಿಗೆ ಹೆದರುವವರು.

"ನೋಡಮ್ಮ, ನನ್ನ ಮಳಿಗೇಲಿ ಮೋಸ ಆಯ್ತದೆ ಅನ್ನೋ ಮಾತು ನನ್ನ ಹೋಟ್ಲಿಗೂ ಬತ್ತದೆ. ಭಾನ್ವಾರ ತಿಂಡಿ ಮುಗುದ್ ಮ್ಯಾಲೆ ನಾಕ್ ಜನ ಬತ್ತೀವಿ. ಎಲ್ಲರ ಎದ್ರುಗೇ ತೋರ್ಸು. ಅವ್ನ ಕೈಲಿ ಎಡಕ್ಕೆ ಓದ್ರೆ ಅವ್ನ ಬಾಯಿ ನಾನೇ ಮುಚ್ಚುಸ್ತೀನಿ. ತಪ್ಪು ನಿಂದಾದ್ರೆ ಮಳಿಗೆ ಖಾಲಿ ಮಾಡ್ಬುಡು."

ಬಸ್ಸಿನವರ ಕಣ್ಣಿಗೆ ಬೀಳುವ ಮಳಿಗೆ ಅದು. ಅದು ಹೋದರೆ ನನ್ನ ಅರ್ಧ ಗಿರಾಕಿ ಹೋದ ಹಾಗೆ, ಮೋಸಗಾತಿ ಎಂದು ಹೋದರೆ ಉಳಿದರ್ಧವೂ ಹೋದ ಹಾಗೆ. ನಾನು ಒಪ್ಪಿದೆ. ಒಪ್ಪಿದೆ ಏನು, ಕಾಯುತ್ತಿದ್ದೆ. ಅವನು ಒತ್ತುತ್ತಿಲ್ಲ ಎಂಬುದನ್ನು ಎಲ್ಲರಿಗೂ ಕಾಣುವ ಹಾಗೆ ತೋರಿಸಬೇಕಿತ್ತು.

ಗೇಮನ್ನು ತರಿಸಿಕೊಂಡು ಎಡದ ಗುಂಡಿಯ ಎರಡು ಗೆರೆಗಳಿಂದ ಎರಡು ತಂತಿ ಹೊರಗೆಳೆದೆ. ಅವಕ್ಕೆ ಸಣ್ಣ ಕರೆಂಟನ್ನು ದೊಡ್ಡದು ಮಾಡುವ ಒಂದು ಟ್ರಾನ್ಸಿಸ್ಟರ್ ಕೂಡಿಸಿ ಕಡಲೆಕಾಳಿನ ಗಾತ್ರದ ಕೆಂಪು ದೀಪ ಜೋಡಿಸಿದೆ. ಬಿಲ್ಲೆ ಗೆರೆಗೆ ತಾಗಿದರೆ ಕೆಂಪು ದೀಪ. ಬಲದ ಗುಂಡಿಗೆ ಹಾಗೇ ಹಸಿರು. ಬಿಲ್ಲೆಗಳಲ್ಲಿ ಅಷ್ಟು ಕರೆಂಟು ದಾಟುವುದಿಲ್ಲವಾದ್ದರಿಂದ ಮೊದಲು ದೀಪ ಮಂಕಾಗಿತ್ತು. ಟ್ರಾನ್ಸಿಸ್ಟರ್ ಬದಲಿಸಿ, ರೆಸಿಸ್ಟರ್ ಇಳಿಸಿ ಸರಿಪಡಿಸಿದೆ. ಇನ್ನು ಅವನ ಆಟ ನಡೆಯದು ಎಂದು ಮನಸ್ಸಿನಲ್ಲೇ ಹಿಗ್ಗಿದೆ.

ಭಾನುವಾರ ಯಜಮಾನರು ಬಂದರು, ಪಕ್ಕದ ಅಂಗಡಿಯ ದರ್ಜಿ ಬಂದ, ಬೆಂಚು ತುಂಬಿ ಬಾಗಿಲಿನಲ್ಲೂ ಜನ ನಿಂತರು. ನಾನು ದೀಪದ ಮರ್ಮ ವಿವರಿಸಿ, ಒತ್ತಿ ತೋರಿಸಲು ಹೋದೆ.

"ನೀನ್ ಒತ್ಬ್ಯಾಡ," ಎಂದರು ಯಜಮಾನರು. "ನಿನ್ ಕೈಲಿ ಓಯ್ತದೆ ಅಂತ ಗೊತ್ತಲ್ಲ. ಅವ್ನೇ ಒತ್ಲಿ."

ಅವನು ಗೇಮನ್ನು ಎರಡೂ ಕೈಯಲ್ಲಿ ಹಿಡಿದ. ಬಲಕ್ಕೆ ಒತ್ತಿದ, ಹಸಿರು ಹತ್ತಿತು. "ಈಗ ಎಡಕ್ಕೆ ನೋಡಿ ಎಲ್ಲಾರೂವೆ" ಎಂದ. ಕೆಂಪು ಹತ್ತಲಿಲ್ಲ.

ಎಲ್ಲರೂ ದೀಪ ನೋಡುತ್ತಿದ್ದರು. ಕಳ್ಳನನ್ನು ಹಿಡಿಯಬೇಕೆಂದಿದ್ದ ನಾನು ಅವನ ಬೆರಳನ್ನು ನೋಡುತ್ತಿದ್ದೆ. ಅಷ್ಟು ದಿನ ಆ ಯಂತ್ರದ ಹೊಟ್ಟೆಯನ್ನೆಲ್ಲ ಸೋಸಿದವಳು ಅವನ ಬೆರಳನ್ನು ನೋಡಿದ್ದು ಅದೇ ಮೊದಲು. ಬಲದ ಗುಂಡಿಗೆ ಹೆಬ್ಬೆರಳನ್ನು ಚಾಚಿದರೆ ಸಾಕು. ಎಡದ ಗುಂಡಿ ಅಂಗೈಗೆ ಹತ್ತಿರ. ಹೆಬ್ಬೆರಳನ್ನು ಮಡಚಿ ಹಿಂದಕ್ಕೆ ತರಬೇಕು. ಅವನ ಹೆಬ್ಬೆರಳು ಮಡಚುತ್ತಿರಲಿಲ್ಲ. ಓರೆಯಾಗಿ ಜಾರಿ ಗುಂಡಿಯ ಪಕ್ಕದ ಬರೀ ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತಿತ್ತು. ಅಲ್ಲೇ ಅವನು ಮುಖ ಕೆಂಪಾಗುವಷ್ಟು ಒತ್ತುತ್ತಿದ್ದ.

"ಒತ್ತಾ ಇವ್ನಿ! ಇದಕ್ಕಿಂತ ಎಂಗ್ ಒತ್ಲಿ?" ಎಂದು ಕೂಗಿದ. ಸುಳ್ಳಲ್ಲ. ಬೆರಳು ಗುಂಡಿಯ ಮೇಲಿಲ್ಲ ಎಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಉಗುರಿನ ಪಕ್ಕದಲ್ಲಿ ಅವತ್ತಿನ ಬೆಸುಗೆ ಕಡ್ಡಿಯ ಗಾಯ ಕೀವು ಕಟ್ಟಿಕೊಂಡಿತ್ತು, ಅದರ ಮೇಲೇ ಒತ್ತುತ್ತಿದ್ದ. ಅಂಗಿಯ ತೋಳು ಮೇಲೆ ಸರಿದು ಮುಂಗೈ ಮೇಲೊಂದು ಮಾಸಲು ತಿಳಿಬಣ್ಣದ ಮಚ್ಚೆ ಕಾಣಿಸಿತು.

ರಸ್ತೆಯಾಚೆ, ಹೋಟೆಲಿನ ಪಕ್ಕದ ಗೋಡೆಯ ಮೇಲೇ ಆರೋಗ್ಯ ಇಲಾಖೆಯವರು ನೀಲಿ ಅಕ್ಷರದಲ್ಲಿ ಬರೆಸಿದ್ದರು: ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕಂಡರೆ ಕೂಡಲೇ ತೋರಿಸಿ, ಕುಷ್ಠರೋಗ ಗುಣವಾಗುತ್ತದೆ. ದಿನಾ ಓದಿ ಓದಿ ಅದು ಗೋಡೆಯ ಬಣ್ಣವೇ ಆಗಿಹೋಗಿತ್ತು.

"ಕೊಡ್ಲಾ ಇಲ್ಲಿ, ನಾನ್ ಒತ್ತಿ ನೋಡ್ತೀನಿ" ಎಂದು ದರ್ಜಿ ಕೈ ಚಾಚಿದ.

ದರ್ಜಿ ಒತ್ತಿದರೆ ಕೆಂಪು ಹತ್ತುತ್ತದೆ. ನಾನು ಗೆಲ್ಲುತ್ತೇನೆ. ಆಮೇಲೆ ಎಲ್ಲರೂ ಮಾಡುವ ಕೆಲಸ ಒಂದೇ: ಭಟ್ಟನ ಬೆರಳು ನೋಡುವುದು. ನೋಡಿ, ತಲೆಯೆತ್ತಿ ಎದುರಿನ ಗೋಡೆ ನೋಡುವುದು. ದೋಸೆ ಹುಯ್ಯುವವನಿಗೆ ಆ ರೋಗ ಎಂದರೆ ಯಜಮಾನರು ಮಧ್ಯಾಹ್ನದ ತನಕವೂ ಕಾಯುವುದಿಲ್ಲ. ಕೆ.ಆರ್. ನಗರದ ಕಡೆಯ ನನ್ನ ತವರಿನಲ್ಲಿ ಅದೇ ಕಾಯಿಲೆಯ ಹೆಂಗಸೊಬ್ಬಳನ್ನು ಮನೆಯವರೇ ಕೊಟ್ಟಿಗೆಗೆ ಹಾಕಿದ್ದರು, ಅನ್ನವನ್ನು ದೂರದಿಂದ ತಳ್ಳುತ್ತಿದ್ದರು. ಚಿಕ್ಕವಳಾಗಿದ್ದ ನಾನು ಅದನ್ನು ನೋಡಿದ್ದೆ. ಆದರೂ ಒಂದು ಗಳಿಗೆ, ಒತ್ತಲಿ ಬಿಡು, ನನ್ನ ಹೆಸರು ಉಳಿಯಲಿ ಎಂದು ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ದರ್ಜಿಯ ಕೈ ಸೇರುವ ಮೊದಲೇ ಗೇಮನ್ನು ಕಿತ್ತುಕೊಂಡೆ. ತಂತಿಗಳು ಕಿತ್ತು ಬಂದವು.

"ಬೇಡ. ತಪ್ಪು ನಂದೇ," ಅಂದೆ. "ನಾನು ಹಾಕಿದ ಬಿಲ್ಲೆ ಸರಿಯಿಲ್ಲ."

ದರ್ಜಿ, "ನಾನ್ ಅವತ್ತೇ ಅಂದಿರ್ನಿಲ್ವಾ" ಎಂದು ಮೂಗು ಮುರಿದ. ಅವನು ಏನೂ ಅಂದಿರಲಿಲ್ಲ. ಯಜಮಾನರು ನನ್ನ ಮುಖವನ್ನು ಅನುಮಾನದಿಂದ ನೋಡಿ, "ಇಷ್ಟ್ ಬೇಗ ಒಪ್ಕಂಡ್ಬುಟ್ಟೆ ಅಂದ್ರೆ ಇನ್ನೂ ಏನೇನ್ ಐತೋ ಒಳ್ಗೆ" ಎಂದರು. ಒಪ್ಪಿಕೊಂಡದ್ದೂ ನನಗೇ ತಿರುಗಿಬಿತ್ತು. ಭಟ್ಟ ಮಾತ್ರ ಗೆದ್ದ ಖುಷಿಯಲ್ಲಿ ಸುತ್ತ ನೋಡುತ್ತಿದ್ದ.

"ನೀನು ಇರು, ಬಿಲ್ಲೆ ಬದಲಾಯಿಸಿ ಕೊಡ್ತೀನಿ" ಎಂದು ಅವನೊಬ್ಬನನ್ನು ನಿಲ್ಲಿಸಿಕೊಂಡೆ. ಎಲ್ಲರೂ ಹೋದ ಮೇಲೆ ಬಾಗಿಲನ್ನು ಅರ್ಧ ಎಳೆದು, "ಕಣ್ಣು ಮುಚ್ಚು" ಅಂದೆ.

"ಯಾಕಕ್ಕಾ? ಕಣ್ ಮುಚ್ಚುಸ್ಬುಟ್ಟು ಇನ್ನೇನ್ ಎತ್ತೀಯ?"

"ಮುಚ್ಚೋ ಮಾರಾಯ. ಗೇಮು ನಿನ್ನ ತೊಡೆ ಮೇಲೇ ಇರ್ಲಿ."

ಗೇಮನ್ನು ಬಲಗೈಯಿಂದ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿದ. ಹತ್ತಿಯ ಎಳೆಯನ್ನು ಅವನ ಎಡ ಹೆಬ್ಬೆರಳಿಗೆ ತಾಗಿಸಿದೆ. ಸುಮ್ಮನಿದ್ದ. ಪೆನ್ಸಿಲಿನ ಮೊನೆ ತಾಗಿಸಿದೆ. ಸುಮ್ಮನಿದ್ದ. ಮುಂಗೈ ಮೇಲಿನ ಮಚ್ಚೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಗುಳಿ ಬೀಳುವಷ್ಟು ಒತ್ತಿದೆ.

"ಎಲ್ಲಿ ಮುಟ್ಟಿದೆ ಹೇಳು," ಅಂದೆ.

"ಮುಟ್ಟು ಮದ್ಲು," ಅಂದ. "ಆಮೇಲ್ ಏಳ್ತೀನಿ."

ನನ್ನ ಕಣ್ಣಲ್ಲಿ ನೀರು ಬಂತು. ಕಣ್ಣು ಬಿಡು ಅಂದೆ. ಅವನು ತನ್ನ ಮುಂಗೈ ಮೇಲೆ ಊರಿದ್ದ ಸ್ಕ್ರೂಡ್ರೈವರನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅದನ್ನೇ ನೋಡಿದ. ನಾನು ಏನೂ ವಿವರಿಸಲಿಲ್ಲ, ಬಾಗಿಲಿನ ಸಂದಿಯಿಂದ ಎದುರಿನ ಗೋಡೆ ತೋರಿಸಿದೆ. ಅವನು ದೋಸೆ ಹುಯ್ಯುತ್ತಿದ್ದದ್ದು ಅದೇ ಗೋಡೆಯ ಪಕ್ಕದಲ್ಲಿ.

ಅವನ ಬಾಯಿಂದ ಬಂದ ಮೊದಲ ಮಾತು, "ಯಾರ್ಗ್ ಏಳ್ತೀಯಾ?"

"ಹೇಳೋದಿದ್ರೆ ಆಗ್ಲೇ ಹೇಳ್ತಿದ್ದೆ. ಇಲ್ಲಿ ಬೇಡ, ನಿಮ್ಮ ಕೋಟೆ ಆಸ್ಪತ್ರೇಲಿ ತೋರಿಸು. ಕಾಯಿಲೆ ಏನು ಅಂತ ಅವರೇ ಹೇಳ್ಲಿ, ನಾನು ರೇಡಿಯೋ ರಿಪೇರಿಯವಳು."

ನಂಬಿದ ಹಾಗೆ ಕಾಣಲಿಲ್ಲ. ಗೇಮನ್ನು ತೆಗೆದುಕೊಂಡು ಹೋದ. ಮಾರನೆಯ ದಿನ ನೆಂಟರ ಮದುವೆ ಎಂದು ಯಜಮಾನರಿಗೆ ಹೇಳಿ ಕೋಟೆ ಬಸ್ಸು ಹತ್ತಿದ, ಎರಡು ದಿನ ಬಿಟ್ಟು ಬಂದು ಮತ್ತೆ ದೋಸೆ ಕಲ್ಲಿನ ಮುಂದೆ ನಿಂತ.

ನಾನು ಅವನನ್ನು ಉಳಿಸಿದೆ ಎಂದು ನೆಮ್ಮದಿಯಾಗಿದ್ದೆ ಎಂದುಕೊಳ್ಳಬೇಡಿ. ಅವನ ಕೈಯ ದೋಸೆ ಊರೆಲ್ಲ ತಿನ್ನುತ್ತಿದೆಯಲ್ಲ ಎಂದು ಹೆದರಿ, ಯಾರ ವಿಷಯ ಎಂದು ಹೇಳದೆ ನಮ್ಮ ಬೀದಿಗೆ ಬರುವ ನರ್ಸಮ್ಮನನ್ನು ಕೇಳಿದೆ. ಅದು ತಿಂಡಿಯಿಂದ ಹರಡುವ ರೋಗವಲ್ಲ, ಮಾತ್ರೆ ಶುರುವಾದರೆ ಮತ್ತೆ ಯಾರಿಗೂ ಅಂಟುವ ಭಯವಿಲ್ಲ ಎಂದರು. ಹೇಳಿ, "ಯಾರ್ಗಮ್ಮ? ನಿಂಗಾ?" ಎಂದು ನನ್ನ ಕೈಗಳನ್ನೇ ದಿಟ್ಟಿಸಿದರು. ಅವರು ಹೇಳಿದ ಮೇಲೂ ನಾನು ಎಷ್ಟೋ ದಿನ ಆ ಹೋಟೆಲಿನ ದೋಸೆ ತಿನ್ನಲಿಲ್ಲ. ಅವನು ರಸ್ತೆಯಾಚೆಯಿಂದ ಅದನ್ನೂ ಗಮನಿಸುತ್ತಿದ್ದ ಎಂದು ನನಗೆ ಗೊತ್ತಿತ್ತು.

ಮಳಿಗೆ ಖಾಲಿ ಮಾಡಿದೆ. ಕಲ್ಕುಣಿಕೆ ಕಡೆ ಒಳಗಿನ ಒಂದು ಬೀದಿಯಲ್ಲಿ ಗೂಡಿನಂಥ ಅಂಗಡಿ ಸಿಕ್ಕಿತು. ಮೇಜು, ಮೀಟರು, ಬೆಂಚು ಸಾಗಿಸಿದೆ. ಬಸ್ಸಿನ ಗಿರಾಕಿಗಳು ತಪ್ಪಿಹೋದರು. ಬಂದವರೂ ಬೆಂಚಿನ ತುದಿಗೆ ಕೂತು, ಮೂಗು ಮೇಜಿಗೆ ತಾಗುವಷ್ಟು ಬಗ್ಗಿ ನೋಡುತ್ತಿದ್ದರು. "ಕೆಲ್ಸ ಚೆನ್ನಾಗ್ ಮಾಡ್ತಾಳೆ, ಆದ್ರೆ ಎದುರ್ಗೇ ಕೂತ್ಕಂಡ್ ಮಾಡುಸ್ಕಳಿ" ಎಂದು ಯಜಮಾನರು ಕಳಿಸುತ್ತಿದ್ದರಂತೆ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಇವತ್ತಿಗೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಭಟ್ಟ ಮಾತ್ರ ನನ್ನ ಕಡೆ ಸುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ಬೇರೆ ಕಡೆ ನೋಡುತ್ತಿದ್ದ. ನಾನು ಎಂದೋ ಒಂದು ದಿನ ಬಾಯಿ ಬಿಡುತ್ತೇನೆ ಎಂದು ಅವನಿಗೆ ಅನುಮಾನ. ಅವನು ಮಾತ್ರೆ ನುಂಗುತ್ತಿಲ್ಲ ಎಂದು ನನಗೆ. ಎಡಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ದೋಸೆ ಹುಯ್ಯುತ್ತಾನೆ, ಮದುವಣಗಿತ್ತಿಯ ಹಾಗೆ ನಾಜೂಕಾಗಿದ್ದಾನೆ ಎಂದು ಜನ ಹಾಸ್ಯ ಮಾಡುವುದು ಕಿವಿಗೆ ಬಿದ್ದಾಗ ಮಾತ್ರ, ಆಸ್ಪತ್ರೆಯವರು ಹೇಳಿಕೊಟ್ಟಿರಬೇಕು ಎಂದು ಸ್ವಲ್ಪ ಉಸಿರಾಡಿದೆ.

ಮಳೆಗಾಲ ಕಳೆದು, ಇನ್ನೊಂದು ಮಳೆಗಾಲವೂ ಕಳೆಯಿತು. ಒಂದು ಬೆಳಿಗ್ಗೆ ನಾನು ಗಾವಡಗೆರೆಯವರೊಬ್ಬರ ರೇಡಿಯೋ ಬಿಚ್ಚಿ ಕೂತಿದ್ದೆ; ಅವರು ಎಂದಿನಂತೆ ಬೆಂಚಿನಿಂದ ಬಗ್ಗಿ ಕಾವಲು ಕಾಯುತ್ತಿದ್ದರು. ಬಾಗಿಲಿನಲ್ಲಿ ನೆರಳು ಬಿತ್ತು. ಭಟ್ಟ. ಕೈಯಲ್ಲಿ ಅದೇ ಗೇಮು.

ಗೇಮಿನ ಸ್ವಿಚ್ ಹಾಕಿದ. ತನ್ನ ಎಡ ಹೆಬ್ಬೆರಳನ್ನು ಕಣ್ಣಿಂದಲೇ ನೋಡುತ್ತ, ಮೆಲ್ಲಗೆ ಮಡಚಿ, ಗುಂಡಿಯ ಮೇಲೆ ತಂದು ಒತ್ತಿದ. ಇಟ್ಟಿಗೆ ಒಂದು ಮನೆ ಎಡಕ್ಕೆ ಸರಿಯಿತು. ಮತ್ತೆ ಒತ್ತಿದ, ಮತ್ತೆ ಸರಿಯಿತು. ನಾನು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟೆ.

"ಈಗ ಬ್ಯಾಟ್ರಿ ಕಡ್ಡಿ ತುಕ್ಕಿಡ್ದದೆ ಕಣಕ್ಕಾ," ಎಂದು ಗೇಮನ್ನು ಮೇಜಿನ ಮೇಲಿಟ್ಟ. "ನಿಧಾನಕ್ ಮಾಡು. ಸಂಜೆ ಬತ್ತೀನಿ." ಹೇಳಿ ಹೊರಟೇಬಿಟ್ಟ.

ಬೆಂಚಿನ ಮೇಲಿದ್ದವರು ಗಾಬರಿಯಾಗಿ ಎದ್ದು ಬಾಗಿಲಿಗೆ ಹೋಗಿ ಕೂಗಿದರು. "ಏ ಭಟ್ಟಾ! ಬುಟ್ಟೋಯ್ತಿದ್ದೀಯಲ್ಲೋ! ಕೂತ್ಕಂಡ್ ಮಾಡುಸ್ಕಳ್ಲಾ. ಇವ್ಳ್ ವಿಷ್ಯ ನಿಂಗೇ ಗೊತ್ತಿಲ್ವಾ?"

ಅವನು ಬೀದಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದ.

"ಗೊತ್ತು ಕಣಣ್ಣೋ," ಅಂದ. "ಅದ್ಕೇ ಬುಟ್ಟೋಯ್ತಾ ಇರದು."